ತಿದ್ದಬಾರದ ಗಾಂಧಾರ

ಪುಣೆಯ ಕೋಥ್ರೂಡ್‌ನಲ್ಲಿ ನನ್ನದೊಂದು ಚಿಕ್ಕ ರೆಕಾರ್ಡಿಂಗ್ ಕೋಣೆಯಿದೆ. ಶ್ರುತಿ ಜಾರಿದ ಕಡೆ ತಿದ್ದಿಕೊಡುವುದೂ ನನ್ನ ಕೆಲಸವೇ. ಅದಕ್ಕೆ ಎರಡು ತಂತ್ರಾಂಶ ಇಟ್ಟುಕೊಂಡಿದ್ದೇನೆ. 1997ರಲ್ಲಿ ಬಂದ ಆಟೋ-ಟ್ಯೂನ್, ಜಾರಿದ ಸ್ವರವನ್ನು ಹತ್ತಿರದ ಸ್ವರಸ್ಥಾನಕ್ಕೆ ತಾನೇ ಎಳೆದು ಕೂರಿಸುತ್ತದೆ. ಎಳೆತ ತೀರಾ ಚುರುಕಾದರೆ ಯಂತ್ರವೇ ಹಾಡಿದಂತಿರುತ್ತದೆ. ಗಾಯಕಿ ಶೆರ್ 1998ರ ‘ಬಿಲೀವ್’ನಲ್ಲಿ ಬೇಕೆಂದೇ ಹಾಗೆ ಕೇಳಿಸಿದರು. ಮೆಲೊಡೈನ್ ಪ್ರತಿ ಸ್ವರವನ್ನೂ ಪರದೆಯ ಮೇಲೆ ಉಂಡೆಯಂತೆ ಬಿಡಿಸಿಡುತ್ತದೆ. ಬೇಕಾದ್ದನ್ನಷ್ಟೇ ಕೈಯಾರೆ ಸರಿಸಬಹುದು.

ಸಿನಿಮಾ ಹಾಡಿಗೆ ಯಾವುದಾದರೂ ನಡೆಯುತ್ತದೆ. ಹಿಂದೂಸ್ತಾನಿ ಖಯಾಲ್ ಗಾಯನ ಬಂದರೆ ನನಗೆ ಭಯ. ಗದಗ ಸೀಮೆಯ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಸಂಗೀತೋತ್ಸವ ಶುರುಮಾಡಿದ ಊರಿದು. ಇಲ್ಲಿನ ಕಿವಿಗಳು ಸುಮ್ಮನೆ ಬಿಡುವುದಿಲ್ಲ.

ಮೊನ್ನೆ ಧಾರವಾಡದ ಹುಡುಗಿಯೊಬ್ಬಳು ದರ್ಬಾರಿ ಕಾನಡಾ ಹಾಡಿದಳು. ಆ ರಾಗದ ಗಾಂಧಾರ ಹಾರ್ಮೋನಿಯಂ ಮನೆಗಿಂತ ತುಸು ಕೆಳಗೆ ತೊಟ್ಟಿಲಿನಂತೆ ತೂಗಬೇಕು. ಆಟೋ-ಟ್ಯೂನ್ ಹಾಕಿದೆ, ತೂಗಾಟ ಹೋಗಿ ಮೆಟ್ಟಿಲಾಯಿತು.

“ಕಾಕಾ, ಇದು ನನ್ನ ಗಾಂಧಾರ ಅಲ್ರೀ” ಅಂದಳು.

ಎಲ್ಲ ತೆಗೆದುಹಾಕಿದೆ. ಮೆಲೊಡೈನ್‌ನಲ್ಲಿ, ಉಸಿರು ಸಾಲದೆ ಕೊನೆಗೆ ಇಳಿದಿದ್ದ ತಾರಷಡ್ಜವೊಂದನ್ನು ಕೂದಲೆಳೆಯಷ್ಟು ಎತ್ತಿದೆ. ಗಾಂಧಾರವನ್ನು ಮುಟ್ಟಲಿಲ್ಲ.