ಪರೀಕ್ಷೆಯ ವರ್ಷಕ್ಕೊಂದು ಕೋಲು, ಒಂದು ನೆರಳು

ಮನೆಯ ಮಕ್ಕಳು ಪ್ರೌಢಶಾಲೆಯ ಕೊನೆಯ ತರಗತಿಯನ್ನು ಪ್ರವೇಶಿಸಿದೊಡನೆ ಆ ಮನೆಯಲ್ಲಿ ಹೊಸದೊಂದು ಶಾಸನ ಜಾರಿಗೆ ಬರುವುದುಂಟು. ಚದುರಂಗದ ಮಣೆ ಅಟ್ಟವನ್ನೇರುತ್ತದೆ. ಬಣ್ಣದ ಪೆಟ್ಟಿಗೆ ಬೀರುವನ್ನು ಸೇರುತ್ತದೆ. "ಇದೊಂದು ವರ್ಷ ಓದಿಬಿಡು; ಆಮೇಲೆ ಏನು ಬೇಕಾದರೂ ಮಾಡಿಕೋ" ಎಂದು ಹಿರಿಯರು ಹೇಳುತ್ತಾರೆ. ಹಿರಿಯರ ಕಳವಳ ನಿರಾಧಾರವಾದುದಲ್ಲ. ಆದರೆ ಆ 'ಆಮೇಲೆ' ಬರುವ ವೇಳೆಗೆ ಪಿ.ಯು.ಸಿ. ಪರೀಕ್ಷೆ ಎದುರು ನಿಂತಿರುತ್ತದೆ. ಅದರ ಹಿಂದೆಯೇ ಇನ್ನೊಂದು.

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು ಇದರ ಫಲವನ್ನು ಪ್ರತಿವರ್ಷವೂ ಕಾಣುತ್ತೇವೆ. ಒಳ್ಳೆಯ ಅಂಕಗಳನ್ನು ಗಳಿಸಿ ಬಂದ ವಿದ್ಯಾರ್ಥಿ ಸರಳ ಲೋಲಕದ ಸೂತ್ರವನ್ನು ತಡೆಯಿಲ್ಲದೆ ಒಪ್ಪಿಸುತ್ತಾನೆ. ಲೋಲಕದ ಉದ್ದವನ್ನು ಅಳೆಯೆಂದರೆ, ಅಳತೆಪಟ್ಟಿಯನ್ನು ಎಲ್ಲಿಂದ ಹಿಡಿಯಬೇಕೆಂದು ನಮ್ಮ ಮುಖ ನೋಡುತ್ತಾನೆ. ನಿನ್ನ ಅಳತೆಯಲ್ಲಿ ಎಷ್ಟು ತಪ್ಪಿರಬಹುದೆಂದು ಕೇಳಿದರೆ, "ತಪ್ಪೇ ಇಲ್ಲ ಸಾರ್" ಎಂದು ನೊಂದುಕೊಳ್ಳುತ್ತಾನೆ. ಅವನು ದಡ್ಡನಲ್ಲ. ತಾನಾಗಿ ಒಂದು ವಸ್ತುವನ್ನು ಅಳೆಯುವ ಪ್ರಸಂಗ ಅವನಿಗೆ ಅದುವರೆಗೆ ಒದಗಿಯೇ ಇರಲಿಲ್ಲ, ಅಷ್ಟೆ.

ಆದುದರಿಂದ ಕೊನೆಯ ವರ್ಷಕ್ಕೆ ತಕ್ಕ ಒಂದು ಹೊಸ ಹವ್ಯಾಸವನ್ನು ಇಲ್ಲಿ ಸೂಚಿಸುತ್ತೇವೆ. ಇದಕ್ಕೆ ಬೇಕಾದುದು ಭಾನುವಾರದ ಕಾಲು ಗಂಟೆ, ಒಂದು ಕೋಲು, ಒಂದು ದಾರ, ಒಂದು ನೋಟುಪುಸ್ತಕ. ಉದಾಹರಣೆಗೆ ಅರಸೀಕೆರೆಯನ್ನೇ ತೆಗೆದುಕೊಳ್ಳೋಣ.

ಜೂನ್ ತಿಂಗಳಿನಲ್ಲಿ ಶಾಲೆಯ ಪಾಠಗಳು ಮೊದಲಾಗುತ್ತಿರುವಾಗ, ತೆಂಗಿನ ಮರಗಳ ನೆರಳು ಬೀಳದಂಥ ತಾರಸಿಯನ್ನೋ ಅಂಗಳವನ್ನೋ ಆರಿಸಿಕೊಳ್ಳಬೇಕು. ಗಾರೆ ಕೆಲಸದವರ ರಸಮಟ್ಟದಿಂದ ನೆಲ ಸಮವಾಗಿದೆಯೆ ಎಂದು ನೋಡಿಕೊಂಡು, ಒಂದು ಮೀಟರು ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ವಾಲಿದೆಯೋ ಇಲ್ಲವೋ ತಿಳಿಯುತ್ತದೆ. ನಮ್ಮ ಪ್ರಾಚೀನ ಜ್ಯೋತಿರ್ವಿದರು ಇಂಥ ಕೋಲನ್ನೇ 'ಶಂಕು' ಎಂದು ಕರೆದರು.

ಕೋಲಿನ ಬುಡವೇ ಕೇಂದ್ರವಾಗುವಂತೆ ಅರ್ಧ ಮೀಟರು ತ್ರಿಜ್ಯದ ವೃತ್ತವೊಂದನ್ನು ಸೀಮೆಸುಣ್ಣದಿಂದ ಬರೆಯಿರಿ. ಬೆಳಗಿನ ಉದ್ದ ನೆರಳು ಕುಗ್ಗುತ್ತ ಬಂದು ಅದರ ತುದಿ ವೃತ್ತವನ್ನು ಮುಟ್ಟಿದಾಗ ಒಂದು ಗುರುತು. ಮಧ್ಯಾಹ್ನದ ಮೇಲೆ ನೆರಳು ಬೆಳೆದು ವೃತ್ತವನ್ನು ಮತ್ತೆ ಮುಟ್ಟಿದಾಗ ಇನ್ನೊಂದು ಗುರುತು. ಎರಡನ್ನೂ ಕೂಡಿಸಿದ ರೇಖೆ ಪೂರ್ವ-ಪಶ್ಚಿಮ. ಅದರ ನಡುಬಿಂದುವಿನಿಂದ ಕೋಲಿನ ಬುಡದ ಮೂಲಕ ಎಳೆದ ರೇಖೆ ದಕ್ಷಿಣೋತ್ತರ. ನೆರಳು ಈ ಎರಡನೆಯ ರೇಖೆಯ ಮೇಲೆ ಬಿದ್ದ ಕ್ಷಣವೇ ಆ ಊರಿನ ನಿಜವಾದ ನಡುಹಗಲು. ಈ ಗೀಟುಗಳ ಕೆಲಸ ಮೊದಲ ಭಾನುವಾರಕ್ಕೆ ಮುಗಿಯುತ್ತದೆ. ಮುಂದಿನ ವಾರಗಳಲ್ಲಿ ಆ ಕ್ಷಣದಲ್ಲಿ ಗಡಿಯಾರ ತೋರಿದ ವೇಳೆ, ನೆರಳಿನ ಉದ್ದ—ಇವೆರಡನ್ನು ಬರೆದುಕೊಂಡರೆ ಸಾಕು. ಆದರೆ ಸೂರ್ಯನನ್ನು ನೇರವಾಗಿ ಎಂದಿಗೂ ನೋಡಬಾರದು. ನಮ್ಮ ಕಣ್ಣು ನೆಲದ ಮೇಲಿರಲಿ.

ಆಶ್ಚರ್ಯಗಳು ಬೇಗನೆ ಆರಂಭವಾಗುತ್ತವೆ. ನಡುಹಗಲಿನ ವೇಳೆಯಲ್ಲಿ ಗಡಿಯಾರ ೧೨ ಗಂಟೆಯನ್ನು ತೋರಿಸುವುದಿಲ್ಲ. ಭಾರತದ ಗಡಿಯಾರಗಳು ನಡೆಯುವುದು ೮೨½ ಡಿಗ್ರಿ ಪೂರ್ವ ರೇಖಾಂಶದ ಕಾಲದಂತೆ. ಅರಸೀಕೆರೆ ಇರುವುದು ಸುಮಾರು ೭೬¼ ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ೪ ನಿಮಿಷ ಬೇಕಷ್ಟೆ. ಹೀಗಾಗಿ ಅರಸೀಕೆರೆ ಜಂಕ್ಷನ್ನಿನ ಗಡಿಯಾರಕ್ಕಿಂತ ಅಲ್ಲಿನ ಸೂರ್ಯ ಸರಾಸರಿ ೨೫ ನಿಮಿಷ ಹಿಂದೆ. ಈ ೨೫ ನಿಮಿಷವೂ ಸ್ಥಿರವಲ್ಲ. ನವೆಂಬರ್ ಮೊದಲ ವಾರದಲ್ಲಿ ನಡುಹಗಲು ೧೨ ಗಂಟೆ ೯ ನಿಮಿಷದ ಸುಮಾರಿಗೆ ಬಂದರೆ, ಫೆಬ್ರವರಿ ನಡುವಿನಲ್ಲಿ ೧೨ ಗಂಟೆ ೩೯ ನಿಮಿಷಕ್ಕೆ ಬರುತ್ತದೆ. ಭೂಮಿಯ ಪಥ ಪೂರ್ಣ ವೃತ್ತವಲ್ಲ, ಅದರ ಅಕ್ಷ ೨೩½ ಡಿಗ್ರಿ ವಾಲಿದೆ ಎಂಬ ಎರಡು ಸಂಗತಿಗಳೇ ಇದಕ್ಕೆ ಕಾರಣ. ಪುಸ್ತಕದಲ್ಲಿ ಓದಿ ಮರೆಯುವ ಈ ಮಾತು ಈಗ ಅಂಗಳದಲ್ಲಿ ಬಂದು ನಿಂತಿರುತ್ತದೆ.

ಉದ್ದದ ಕಥೆ ಇನ್ನೂ ಸ್ವಾರಸ್ಯವಾದುದು. ಜೂನ್ ೨೧ರ ಹೊತ್ತಿಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉದ್ದ ಸುಮಾರು ೧೮ ಸೆಂಟಿಮೀಟರು. ಆಗಸ್ಟ್ ೧೭ರ ಆಸುಪಾಸಿನಲ್ಲಿ ಅದು ಮಾಯವಾಗಿ, ಬಳಿಕ ಉತ್ತರಕ್ಕೆ ಹೊರಳುತ್ತದೆ. ಸೆಪ್ಟೆಂಬರ್ ೨೩ರ ಸುಮಾರಿಗೆ ೨೩½ ಸೆಂಟಿಮೀಟರಿನಷ್ಟಾಗಿ, ಡಿಸೆಂಬರ್ ೨೨ರ ಹೊತ್ತಿಗೆ ೭೫ನ್ನು ಮುಟ್ಟುತ್ತದೆ. ಸೆಪ್ಟೆಂಬರಿನ ಉದ್ದವನ್ನು ಕೋಲಿನ ಎತ್ತರದಿಂದ ಭಾಗಿಸಿ, ತ್ರಿಕೋನಮಿತಿಯ ಕೋಷ್ಟಕದಲ್ಲಿ ಆ 'ಟ್ಯಾನ್' ಬೆಲೆಗೆ ತಕ್ಕ ಕೋನವನ್ನು ಹುಡುಕಿದರೆ ಅರಸೀಕೆರೆಯ ಅಕ್ಷಾಂಶವೇ ದೊರೆಯುತ್ತದೆ: ಸುಮಾರು ೧೩.೩ ಡಿಗ್ರಿ. ಹತ್ತನೆಯ ತರಗತಿಯ ಗಣಿತ ಇದಕ್ಕೆ ಸಾಲುತ್ತದೆ.

ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ನೆರಳಿನ ತುದಿ ಚೂಪಾಗಿರುವುದಿಲ್ಲ, ಹೊಗೆಯಂತೆ ಮಸುಕಾಗಿರುತ್ತದೆ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದುದರಿಂದ ಒಂದು ಮೀಟರು ಕೋಲಿನ ನೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗುವುದು ಅನಿವಾರ್ಯ. ನೋಟುಪುಸ್ತಕದಲ್ಲಿ '೨೩½' ಎಂದಷ್ಟೇ ಬರೆಯದೆ, 'ಅರ್ಧ ಸೆಂಟಿಮೀಟರು ಹೆಚ್ಚುಕಡಿಮೆ' ಎಂದೂ ಸೇರಿಸುವುದನ್ನು ಕಲಿತವನು ವಿಜ್ಞಾನದ ಮುಖ್ಯ ಪಾಠವೊಂದನ್ನು ಕಲಿತಂತೆ. ನಮ್ಮ ಪ್ರಯೋಗಶಾಲೆಯಲ್ಲಿ "ತಪ್ಪೇ ಇಲ್ಲ" ಎಂಬ ಉತ್ತರ ಅವನಿಂದ ಬರಲಾರದು.

ಜೊತೆಗಾರರಿದ್ದರೆ ಹವ್ಯಾಸಕ್ಕೆ ಕಳೆ ಹೆಚ್ಚು. ಅರಸೀಕೆರೆಯಲ್ಲಿ ನೆರಳು ಇಲ್ಲವಾದ ದಿನದ ನಡುಹಗಲಿನಲ್ಲಿಯೇ, ಕಲಬುರಗಿಯಲ್ಲಿರುವ ಸೋದರಮಾವನ ಮಗಳೋ ಸ್ನೇಹಿತನೋ ಇಂಥದೇ ಕೋಲಿನ ನೆರಳನ್ನು ಅಳೆದರೆ, ಅದು ಸುಮಾರು ೭ ಸೆಂಟಿಮೀಟರು ಇರುತ್ತದೆ; ಅಂದರೆ ೪ ಡಿಗ್ರಿ ಕೋನ. ಭೂಪಟದ ಮೇಲೆ ಎರಡು ಊರುಗಳ ದಕ್ಷಿಣೋತ್ತರ ಅಂತರ ೪೪೫ ಕಿಲೋಮೀಟರಿನಷ್ಟು. ನಾಲ್ಕು ಡಿಗ್ರಿಗೆ ೪೪೫ ಆದರೆ ೩೬೦ ಡಿಗ್ರಿಗೆ ಸುಮಾರು ೪೦,೦೦೦: ಇದೇ ಭೂಮಿಯ ಸುತ್ತಳತೆ! ಅರ್ಧ ಸೆಂಟಿಮೀಟರಿನ ಮಸುಕನ್ನು ಗಣಿಸಿದರೆ ಉತ್ತರ ೩೭,೦೦೦ದಿಂದ ೪೩,೦೦೦ದವರೆಗೆ ತೂಗಾಡುವುದು ನಿಜ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ಎರಟೋಸ್ತನೀಸನು ಭೂಮಿಯನ್ನು ಅಳೆದದ್ದೂ ಎರಡು ಊರುಗಳ ನಡುಹಗಲಿನ ನೆರಳಿನಿಂದಲೇ.

ಊರಿನ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಇನ್ನೊಂದು ಹೆಜ್ಜೆ ಮುಂದಿಡಬಹುದು. ದೇವಾಲಯಗಳಿಗೆ ದಿಕ್ಕು ಕಟ್ಟಲು ನಮ್ಮ ವಾಸ್ತುಗ್ರಂಥಗಳು ವಿಧಿಸುವುದು ಮೇಲೆ ಹೇಳಿದ ಶಂಕುವಿನ ಕ್ರಮವನ್ನೇ. ಅರಸೀಕೆರೆಯ ಶಿವಾಲಯ ೧೨೨೦ರ ಸುಮಾರಿನ ಹೊಯ್ಸಳ ಕಟ್ಟಡ. ಅದರ ನಕ್ಷತ್ರಾಕಾರದ ತಳವಿನ್ಯಾಸ ಪ್ರಸಿದ್ಧವಾದುದು. ಅದರ ನಡುಗೆರೆ ನಿಜವಾದ ಪೂರ್ವಕ್ಕೆ ಎಷ್ಟು ಹತ್ತಿರವಾಗಿದೆ? ಕಲ್ಲಿನ ಮೇಲೆ ಗೀಟು ಹಾಕದೆ, ಹೊರಗಿನ ಬಯಲಿನಲ್ಲಿ ಕಲ್ಲು ಕಟ್ಟಿದ ದಾರದ ನೆರಳನ್ನು ನಡುಹಗಲಿನಲ್ಲಿ ಕಾಗದದ ಮೇಲೆ ಗುರುತಿಸಿ, ಇದನ್ನು ತಾವೇ ಪರೀಕ್ಷಿಸಬಹುದು.

"ಇದಕ್ಕೆ ಎಷ್ಟು ಅಂಕ?" ಎಂದು ಮನೆಯವರು ಕೇಳಿದರೆ, ಒಂದೂ ಇಲ್ಲವೆಂದೇ ಒಪ್ಪಿಕೊಳ್ಳಬೇಕು. ಬಂಗಾಳದ ಜೆಸ್ಸೋರಿನ ರಾಧಾಗೋವಿಂದ ಚಂದ್ರರು ಶಾಲಾಂತ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ; ಸರ್ಕಾರಿ ಖಜಾನೆಯಲ್ಲಿ ಸಣ್ಣ ನೌಕರಿಯಲ್ಲಿದ್ದರು. ರಾತ್ರಿಯ ಹವ್ಯಾಸವಾಗಿ ಕಾಂತಿ ಬದಲಾಗುವ ನಕ್ಷತ್ರಗಳನ್ನು ನೋಡಿ, ಸುಮಾರು ೩೭,೦೦೦ ವೀಕ್ಷಣೆಗಳನ್ನು ಅಮೆರಿಕದ ವೀಕ್ಷಕರ ಸಂಘಕ್ಕೆ ಕಳುಹಿಸಿದರು. ಓದನ್ನು ಕಡೆಗಣಿಸಿರೆಂದು ಹೇಳಲು ಈ ಮಾತನ್ನೆತ್ತಲಿಲ್ಲ. ತಪ್ಪದೆ ನೋಡಿ ತಪ್ಪದೆ ಬರೆಯುವ ಅಭ್ಯಾಸ ಅಂಕಪಟ್ಟಿಯಿಂದ ಬರುವಂಥದಲ್ಲ ಎಂಬುದಷ್ಟೇ ನಮ್ಮ ಅಭಿಪ್ರಾಯ. ವಾರಕ್ಕೆ ಕಾಲು ಗಂಟೆಯನ್ನು ಮೀರಿ ಈ ಹವ್ಯಾಸ ಪಾಠದ ವೇಳೆಯನ್ನು ನುಂಗತೊಡಗಿದರೆ ಅದನ್ನು ಹಿಡಿತದಲ್ಲಿಡುವ ಹೊಣೆ ವಿದ್ಯಾರ್ಥಿಯದು.

ಆಗಸ್ಟಿನಲ್ಲಿ ಮಳೆಗಾಲದ ಮೋಡ ನೆರಳಿಲ್ಲದ ದಿನವನ್ನು ಮರೆಮಾಡಿದರೆ ಎದೆಗುಂದಬೇಕಾಗಿಲ್ಲ. ಅದೇ ಘಟನೆ ಏಪ್ರಿಲ್ ೨೫-೨೬ರ ಸುಮಾರಿಗೆ ಮರಳಿ ಬರುತ್ತದೆ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಪರೀಕ್ಷೆಯ ಗಡಿಬಿಡಿ ಮುಗಿದು, ಬಿಸಿಲು ಬಲಿತಿರುತ್ತದೆ. ಅಂದು ೧೨ ಗಂಟೆ ೨೩ ನಿಮಿಷಕ್ಕೆ ಮನೆಯವರನ್ನೆಲ್ಲ ಅಂಗಳಕ್ಕೆ ಕರೆಯಿರಿ. ವೇಳೆಯನ್ನು ಮುಂಚಿತವಾಗಿಯೇ ನೋಟುಪುಸ್ತಕದಿಂದ ಲೆಕ್ಕ ಹಾಕಿ ಹೇಳಿರಿ. ಕೋಲಿನ ಬುಡದಲ್ಲಿ ನೆರಳಿರುವುದಿಲ್ಲ. ಅಟ್ಟದ ಮೇಲಿನ ಚದುರಂಗದ ಮಣೆಯನ್ನು ಕೆಳಗಿಳಿಸಿಕೊಡಿರೆಂದು ಕೇಳಲು ಅದು ಒಳ್ಳೆಯ ಸಮಯ.