ಸಾವನದುರ್ಗದ ನೆತ್ತಿಯಿಂದ

ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ನಮ್ಮ ಕುಟುಂಬಗಳು ರಜೆಯಲ್ಲೊಮ್ಮೆ ಮಾಗಡಿ ಬಳಿಯ ಸಾವನದುರ್ಗವನ್ನು ಹತ್ತಬೇಕು. 1,226 ಮೀಟರ್ ಎತ್ತರದ ಈ ಏಕಶಿಲಾ ದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ಕಸಿದುಕೊಂಡಿತು. ಇಂದು ನೆತ್ತಿಯಲ್ಲಿ ನಂದಿ ಮಂಟಪ. ಕೆಳಗೆ, ಕಾಡಿನಾಚೆ, ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ.

ಯೇಸುಸ್ವಾಮಿ ಪೇತ್ರ, ಯಕೋಬ, ಯೊವಾನ್ನರನ್ನು ಬೆಟ್ಟಕ್ಕೆ ಕರೆದೊಯ್ದ ಪ್ರಸಂಗವನ್ನು ಮಕ್ಕಳಿಗೆ ಇಲ್ಲಿಯೇ ಹೇಳಬಹುದು. ಶುಭಸಂದೇಶ ಆ ಬೆಟ್ಟದ ಹೆಸರು ಹೇಳುವುದಿಲ್ಲ; ತಾಬೋರ್ ಎಂಬುದು ಪರಂಪರೆ. ಹಬ್ಬವೇನೋ ಆಗಸ್ಟ್ 6ರಂದು. ಆದರೆ ಮಳೆಯಲ್ಲಿ ಬಂಡೆ ಜಾರುತ್ತದೆ, ಚಳಿಗಾಲದ ಮುಂಜಾನೆಯೇ ಲೇಸು.

ಬೆಟ್ಟವಿಳಿದು ಬೆವೆತ ಹುಡುಗರಿಗೆ ನೀರಿನಾಸೆ ಸಹಜ. ಮಂಚನಬೆಲೆಯಲ್ಲಿ ಮುಳುಗಿ ಪ್ರಾಣ ಕಳೆದುಕೊಂಡ ಯುವಕರು ಹಲವರು. ಧರ್ಮಕೇಂದ್ರದ ಯುವಜನರನ್ನು ಕರೆದೊಯ್ಯುವ ಹಿರಿಯರು ಜಲಾಶಯವನ್ನು ಮೇಲಿನಿಂದಲೇ ತೋರಿಸಿ, ನೇರವಾಗಿ ಮನೆಗೆ ಕರೆತರಲಿ.