ಮೇಣಬತ್ತಿ ಉರಿಯುವುದು ಹೇಗೆ, ಉರಿಸುವುದು ಹೇಗೆ

ಬಸವಕಲ್ಯಾಣ, ಹುಮನಾಬಾದ್ ಕಡೆ ಗುಡಿಯಲ್ಲೂ ದೇವರ ಮನೆಯಲ್ಲೂ ಎಣ್ಣೆ ದೀಪದ್ದೇ ಹಿರಿತನ. ಮೇಣಬತ್ತಿಗೆ ಬೇರೆ ಹೊತ್ತುಗಳಿವೆ. ಕರೆಂಟ್ ಹೋದ ರಾತ್ರಿ ಅದು ಬೇಕು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ, ಅವರು 1956ರಲ್ಲಿ ತೀರಿಕೊಂಡ ಡಿಸೆಂಬರ್ 6ರ ಸ್ಮರಣೆಗೆ, ಬಾಬಾಸಾಹೇಬರ ಮತ್ತು ಬುದ್ಧನ ಮೂರ್ತಿಗಳ ಮುಂದೆ ಅದನ್ನು ಹಚ್ಚಿ ಪಂಚಶೀಲ ಹೇಳುತ್ತಾರೆ. ಕ್ರಿಸ್‌ಮಸ್ ಬಂದರೆ ಬೀದರ್ ಜಿಲ್ಲೆಯ ಕ್ರೈಸ್ತರ ಮನೆಗಳಲ್ಲೂ ಚರ್ಚುಗಳಲ್ಲೂ ಅದೇ ಬೆಳಕು.

ಉರಿಯುವುದು ಯಾವುದು?

ಬತ್ತಿ ಉರಿಯುತ್ತದೆ ಎಂದೇ ನಮಗೆ ಕಾಣುತ್ತದೆ. ನಿಜವಾಗಿ ಉರಿಯುವುದು ಮೇಣದ ಆವಿ. ಹಣತೆಯಲ್ಲಿ ಎಣ್ಣೆ ಮೊದಲೇ ದ್ರವ. ಮೇಣಬತ್ತಿಯಲ್ಲಿ ಜ್ವಾಲೆಯೇ ಮೇಣ ಕರಗಿಸಿಕೊಳ್ಳಬೇಕು. ಕರಗಿದ ಮೇಣವನ್ನು ಬತ್ತಿಯ ನೂಲು ಮೇಲಕ್ಕೆ ಹೀರುತ್ತದೆ, ತುದಿಯ ಬಿಸಿಗೆ ಅದು ಆವಿಯಾಗಿ ಹೊತ್ತಿಕೊಳ್ಳುತ್ತದೆ. ಆರಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ ಕಡ್ಡಿ ಹಿಡಿದರೆ ಬತ್ತಿ ಮುಟ್ಟದೆಯೇ ದೀಪ ಮತ್ತೆ ಹತ್ತುವುದು ಇದಕ್ಕೇ. ಮೈಕಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ಮಕ್ಕಳಿಗೆ ಮೇಣಬತ್ತಿಯ ಬಗ್ಗೆ ಉಪನ್ಯಾಸ ಕೊಟ್ಟಾಗ ಇದನ್ನೂ ಮಾಡಿ ತೋರಿಸಿದ್ದರು.

ಚೆನ್ನಾಗಿ ಉರಿಯಲು

ಬತ್ತಿ ಉದ್ದವಾದರೆ ಮೇಣ ಹೆಚ್ಚು ಏರುತ್ತದೆ, ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಹಚ್ಚುವ ಮೊದಲು ಸುಮಾರು 6 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಗಾಳಿಗೆ ಜ್ವಾಲೆ ವಾಲಿದರೆ ಒಂದೇ ಬದಿ ಕರಗಿ ಮೇಣ ಸೋರಿಹೋಗುತ್ತದೆ, ಮರೆಯಲ್ಲಿಡಿ.

ಅಂಗಡಿಯ ಪ್ಯಾರಫಿನ್ ಮೇಣ ಸಾಮಾನ್ಯವಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ತಗಡಿನ ಮಾಡಿನ ಕೆಳಗೆ ನಿಲ್ಲಿಸಿಟ್ಟ ಬತ್ತಿ ಬಾಗುತ್ತದೆ. ತಂಪಾದ ಕಡೆ ಅಡ್ಡಲಾಗಿ ಮಲಗಿಸಿಡಿ.

ಜೋಪಾನ

ಎರಡು ಹನಿ ಮೇಣ ಬೀಳಿಸಿ ಬತ್ತಿ ನಿಲ್ಲಿಸುವುದು ರೂಢಿ. ಪ್ಲಾಸ್ಟಿಕ್ ಡಬ್ಬಿ, ಟಿವಿ, ಹಾಸಿಗೆ ಹತ್ತಿರ ಬೇಡ. ಸ್ಟೀಲ್ ತಟ್ಟೆಯೇ ಸರಿ. ಕರಗಿದ ಮೇಣಕ್ಕೇ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ: ನೀರು ಥಟ್ಟನೆ ಆವಿಯಾಗಿ ಉರಿಯುವ ಮೇಣವನ್ನು ಸಿಡಿಸುತ್ತದೆ. ತಟ್ಟೆ ಮುಚ್ಚಿ ಗಾಳಿ ತಪ್ಪಿಸಿ.

ಮೂರ್ತಿಯ ಮುಂದೆ ನೂರಾರು ಜನ ಹಚ್ಚುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಒತ್ತೊತ್ತಾಗಿಟ್ಟ ಬತ್ತಿಗಳು ಒಂದರ ಬಿಸಿಗೆ ಇನ್ನೊಂದು ಕರಗಿ, ಜ್ವಾಲೆಗಳು ಕೂಡಿಕೊಳ್ಳುತ್ತವೆ. ಮರಳು ತುಂಬಿದ ಅಗಲ ತಟ್ಟೆಯಲ್ಲಿ ನಾಲ್ಕು ಬೆರಳ ಅಂತರ ಬಿಟ್ಟು ನೆಡಿ, ಹೂಮಾಲೆಯನ್ನೂ ಬಟ್ಟೆಯ ಬಾವುಟವನ್ನೂ ದೂರವಿಡಿ, ಒಬ್ಬರು ಕಾವಲಿರಲಿ. ಇಷ್ಟು ಏರ್ಪಾಡು ಮಾಡುವುದೂ ಆ ಗೌರವದ ಭಾಗವೇ.